ಹೊಸ್ತಿಲಲ್ಲಿ ನಿಲ್ಲುವ ಕಾಲು, ಚೆಂಡೆಗೆ ಏಳುವ ಹೆಜ್ಜೆ: ಡೋಪಮಿನ್ ಮಾತು ಕೇಳುವ ಕೋಶಗಳು

ಪ್ರಶ್ನೆ: ನನ್ನ ಅಪ್ಪನಿಗೆ 68 ವರ್ಷ. ನಮ್ಮದು ಉಡುಪಿ ಹತ್ತಿರದ ಊರು. ಅಪ್ಪ ಹವ್ಯಾಸಿ ಯಕ್ಷಗಾನಕ್ಕೆ ಮದ್ದಳೆ ಬಾರಿಸುತ್ತಿದ್ದವರು. ಆರು ವರ್ಷದ ಹಿಂದೆ ಪಾರ್ಕಿನ್ಸನ್ ಎಂದು ಗೊತ್ತಾಯಿತು. ಮೆದುಳಿನಲ್ಲಿ ಡೋಪಮಿನ್ ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದರು. ಡೋಪಮಿನ್ ಅಂದರೆ ಖುಷಿ ಕೊಡುವ ರಾಸಾಯನಿಕ ಅಲ್ವಾ? ಅದಕ್ಕೂ ಕೈಕಾಲಿಗೂ ಏನು ಸಂಬಂಧ? ಈಗ ಬಾಗಿಲ ಹೊಸ್ತಿಲಿಗೆ ಬಂದಾಗ ಅವರ ಕಾಲು ಮುಂದೆ ಹೋಗುವುದೇ ಇಲ್ಲ. ಆದರೆ ಮೆಟ್ಟಿಲು ಸಲೀಸಾಗಿ ಹತ್ತುತ್ತಾರೆ. ಮೊಬೈಲಲ್ಲಿ ಚೆಂಡೆ ಹಾಕಿದರೆ ಚೆನ್ನಾಗಿ ನಡೆಯುತ್ತಾರೆ. "ಮನಸ್ಸು ಮಾಡಿದರೆ ಆಗುತ್ತದೆ, ಇದೆಲ್ಲ ನಾಟಕ" ಎಂದು ಮನೆಗೆ ಬಂದವರು ಹೇಳುತ್ತಾರೆ. ನಸುಗುನ್ನಿ ಬೀಜದ ಪುಡಿ ಇದಕ್ಕೆ ಒಳ್ಳೆಯದು ಎಂದು ಒಬ್ಬರು ಹೇಳಿದರು. ಕೊಡಬಹುದಾ?

ಉತ್ತರ: ಮೊದಲು ನಾಟಕದ ಮಾತಿಗೆ ಉತ್ತರ ಹೇಳುತ್ತೇನೆ. ನಿಮ್ಮ ತಂದೆಯವರಿಗೆ ಕಾಯಿಲೆಗಿಂತ ಜಾಸ್ತಿ ನೋವು ಕೊಡುತ್ತಿರುವುದು ಅದೇ ಇರಬಹುದು. ಅವರು ನಾಟಕ ಮಾಡುತ್ತಿಲ್ಲ. ಹೊಸ್ತಿಲಲ್ಲಿ ಕಾಲು ನಿಲ್ಲುವುದು, ಮೆಟ್ಟಿಲಲ್ಲಿ ಸಲೀಸಾಗುವುದು, ತಾಳ ಕೇಳಿದರೆ ಹೆಜ್ಜೆ ಬರುವುದು: ಈ ಮೂರನ್ನೂ ಒಟ್ಟಿಗೆ ನೋಡುವುದು ಪಾರ್ಕಿನ್ಸನ್ ನೋಡುವ ವೈದ್ಯರಿಗೆ ಹೊಸದಲ್ಲ. ಇದಕ್ಕೆ ಮೆದುಳಿನೊಳಗೆ ಕಾರಣ ಇದೆ. ಅದು ಗೊತ್ತಾಗಬೇಕಾದರೆ ಡೋಪಮಿನ್ ಯಾರಿಗೆ ಏನು ಹೇಳುತ್ತದೆ ಎಂದು ನೋಡಬೇಕು.

ಡೋಪಮಿನ್ ತಯಾರಿಸುವ ಕೋಶಗಳು ಮೆದುಳಿನ ಕಾಂಡದ ಮೇಲ್ಭಾಗದಲ್ಲಿ, ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಜಾಗದಲ್ಲಿವೆ. ಕಪ್ಪು ಬಣ್ಣದಿಂದಾಗಿ ಅದು ಬರಿಗಣ್ಣಿಗೂ ಕಾಣುತ್ತದೆ. ಅಲ್ಲಿರುವ ಕೋಶಗಳು ಕೆಲವು ಲಕ್ಷ ಮಾತ್ರ. ಇಡೀ ಮೆದುಳಿನ ಲೆಕ್ಕದಲ್ಲಿ ಅದು ಬಹಳ ಕಡಿಮೆ. ಆದರೆ ಒಂದೊಂದು ಕೋಶದ ಎಳೆಯೂ ಕವಲೊಡೆದು ಕವಲೊಡೆದು ಹರಡಿಕೊಂಡಿರುತ್ತದೆ. ಇಲಿಯ ಮೆದುಳಿನಲ್ಲಿ ಒಂದೇ ಕೋಶದ ಕವಲುಗಳನ್ನೆಲ್ಲ ಕೂಡಿಸಿದರೆ ಸುಮಾರು ಅರ್ಧ ಮೀಟರ್ ಉದ್ದ ಆಗುತ್ತದೆ. ಅಷ್ಟು ಚಿಕ್ಕ ಪ್ರಾಣಿಯಲ್ಲಿ! ಇಷ್ಟು ದೊಡ್ಡ ಜಾಲವನ್ನು ನಡೆಸಲು ಆ ಕೋಶಕ್ಕೆ ತುಂಬ ಶಕ್ತಿ ಬೇಕು. ಈ ಕೋಶಗಳು ಬೇಗ ಸಾಯಲು ಅದೂ ಒಂದು ಕಾರಣ ಎಂದು ಅನೇಕ ಸಂಶೋಧಕರು ಭಾವಿಸುತ್ತಾರೆ. ಪಾರ್ಕಿನ್ಸನ್‌ನಲ್ಲಿ ಸಾಯುವುದು ಮುಖ್ಯವಾಗಿ ಇವೇ. ಲಕ್ಷಣ ಹೊರಗೆ ಕಾಣುವ ಹೊತ್ತಿಗೆ ಇವುಗಳ ದೊಡ್ಡ ಪಾಲು ಹೋಗಿಯಾಗಿರುತ್ತದೆ.

ಈ ಎಳೆಗಳು ಹೋಗಿ ಸೇರುವ ಜಾಗ ಸ್ಟ್ರಯಾಟಮ್. ಮೆದುಳಿನ ಎರಡೂ ಪಾಲುಗಳಲ್ಲಿ, ಒಳಗೆ ಆಳದಲ್ಲಿ ಅದು ಇದೆ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ. ಇಲಿಗಳ ಸ್ಟ್ರಯಾಟಮ್‌ನಲ್ಲಿ 100 ಕೋಶಗಳಿದ್ದರೆ ಸುಮಾರು 95 ಒಂದೇ ಬಗೆಯವು. ಮೈತುಂಬ ಸಣ್ಣ ಸಣ್ಣ ಮುಳ್ಳುಗಳಿರುವ ಕೋಶಗಳು ಅವು. ಪ್ರತಿ ಮುಳ್ಳಿನ ತುದಿಗೂ ಮೆದುಳಿನ ಹೊರಪದರದಿಂದ ಅಥವಾ ಥಲಾಮಸ್‌ನಿಂದ (ಹೊರಪದರಕ್ಕೆ ಸುದ್ದಿ ದಾಟಿಸುವ, ಮೆದುಳಿನ ಆಳದ ಭಾಗ) ಸುದ್ದಿ ಬರುತ್ತದೆ. ಡೋಪಮಿನ್‌ನ ಎಳೆ ಅದೇ ಮುಳ್ಳಿನ ಬುಡಕ್ಕೋ ಪಕ್ಕಕ್ಕೋ ಬಂದು ನಿಲ್ಲುತ್ತದೆ. ಬರುವ ಸುದ್ದಿಗೆ ಎಷ್ಟು ತೂಕ ಕೊಡಬೇಕು ಎಂದು ಹೇಳುವುದು ಅದರ ಕೆಲಸ.

ಸೂಕ್ಷ್ಮದರ್ಶಕದಲ್ಲಿ ಈ ಮುಳ್ಳುಕೋಶಗಳು ಒಂದೇ ತರ ಕಾಣುತ್ತವೆ. ಆದರೆ ಒಳಗೆ ಅವು ಎರಡು ಜಾತಿ. ಸುಮಾರು ಅರ್ಧದಷ್ಟು ಕೋಶಗಳಲ್ಲಿ ಡೋಪಮಿನ್ ಹಿಡಿಯುವ ಡಿ1 ಎಂಬ ರಿಸೆಪ್ಟರ್ ಇದೆ. ಉಳಿದ ಅರ್ಧದಲ್ಲಿ ಡಿ2. ಎರಡನ್ನೂ ಹೊತ್ತ ಕೋಶಗಳು ಸ್ವಲ್ಪವೇ. ಅದೇ ಡೋಪಮಿನ್ ಡಿ1 ಕೋಶವನ್ನು ಹುರಿದುಂಬಿಸುತ್ತದೆ, ಡಿ2 ಕೋಶವನ್ನು ತಗ್ಗಿಸುತ್ತದೆ. ಪಾಠ ಮಾಡುವಾಗ ನಾನು ಇಲ್ಲಿಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮುಂದಿನ ಎಲ್ಲವೂ, ನಿಮ್ಮ ತಂದೆಯ ಮಾತ್ರೆಯ ಡೋಸ್‌ವರೆಗೂ, ಇದರ ಮೇಲೇ ನಿಂತಿದೆ.

ಈ ಎರಡು ಬಗೆಯ ಕೋಶಗಳು ಸುದ್ದಿ ಕಳಿಸುವ ದಾರಿಗಳೂ ಬೇರೆ. ನಮ್ಮ ಕಡೆಯ ಕಿಂಡಿ ಅಣೆಕಟ್ಟು ನೆನಪಿಸಿಕೊಳ್ಳಿ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ. ನೀರು ಹಲಗೆಯ ಹಿಂದೆ ಒತ್ತಿಕೊಂಡೇ ಇರುತ್ತದೆ. ಒಂದು ಕಿಂಡಿಯ ಹಲಗೆ ಎತ್ತಿದರೆ ಸಾಕು, ಅಲ್ಲಿ ನೀರು ತಾನಾಗಿ ಹರಿಯುತ್ತದೆ. ಯಾರೂ ತಳ್ಳಬೇಕಾಗಿಲ್ಲ. ಮೆದುಳಿನಲ್ಲಿ ಹಲಗೆಯ ಕೆಲಸ ಮಾಡುವುದು ಸ್ಟ್ರಯಾಟಮ್ ಪಕ್ಕದಲ್ಲೇ ಇರುವ ಗ್ಲೋಬಸ್ ಪ್ಯಾಲಿಡಸ್ ಎಂಬ ಜಾಗದ ಒಳಭಾಗ. ಅಲ್ಲಿನ ಕೋಶಗಳು ನಾವು ಸುಮ್ನೆ ಕೂತಿದ್ದಾಗಲೂ ಸೆಕೆಂಡಿಗೆ ಹತ್ತಾರು ಸಲ ಮಿಡಿಯುತ್ತಾ ಥಲಾಮಸ್ಸನ್ನು ತಡೆದು ಹಿಡಿದಿರುತ್ತವೆ. ಡಿ1 ಕೋಶ ನೇರವಾಗಿ ಹೋಗಿ ಆ ತಡೆಗಾರನ ಬಾಯಿ ಮುಚ್ಚಿಸುತ್ತದೆ. ತಡೆ ಹೋಯಿತು, ಥಲಾಮಸ್ ಎದ್ದಿತು, ಹೊರಪದರಕ್ಕೆ ಸುದ್ದಿ ಹೋಯಿತು, ಕೈ ಎದ್ದಿತು. ಡಿ2 ಕೋಶದ ದಾರಿ ಸುತ್ತುಬಳಸಿನದು. ಅದು ಗ್ಲೋಬಸ್ ಪ್ಯಾಲಿಡಸ್‌ನ ಹೊರಭಾಗಕ್ಕೆ ಹೋಗಿ, ಅಲ್ಲಿಂದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟಿನ ಮೂಲಕ ಬಂದು ತಡೆಯನ್ನು ಇನ್ನೂ ಬಿಗಿ ಮಾಡುತ್ತದೆ.

ಈಗ ಡೋಪಮಿನ್ ಇಲ್ಲವಾದರೆ ಏನಾಗುತ್ತದೆ? ಡಿ1 ಕೋಶಗಳಿಗೆ ಹುರುಪು ಸಿಗುವುದಿಲ್ಲ. ಡಿ2 ಕೋಶಗಳನ್ನು ತಗ್ಗಿಸುವವರಿಲ್ಲ. ತಡೆ ಎತ್ತುವವರು ಸೋತರು, ತಡೆ ಬಿಗಿಮಾಡುವವರು ಜೋರಾದರು. ಒಂದೇ ಕೊರತೆಯಿಂದ ಎರಡು ಕಡೆಯ ಪೆಟ್ಟು. ತಂದೆಯವರ ಸ್ನಾಯುಗಳಲ್ಲಿ ಬಲ ಇದೆ, ನರಗಳು ಸರಿ ಇವೆ, ನಡೆಯಬೇಕೆಂಬ ಆಸೆಯೂ ಇದೆ. ಆದರೂ ಚಲನೆ ಹೊರಗೆ ಬರುವುದಿಲ್ಲ. ಈ ಚಿತ್ರವನ್ನು 1989 ಮತ್ತು 1990ರಲ್ಲಿ ಅಮೆರಿಕದ ವಿಜ್ಞಾನಿಗಳು ಕಟ್ಟಿಕೊಟ್ಟರು. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಕೆಲಸ ನಿಲ್ಲಿಸಿದರೆ ಬಿಗಿ ಸಡಿಲವಾಗಬೇಕು ಎಂದು ಈ ಚಿತ್ರ ಹೇಳುತ್ತಿತ್ತು. 1990ರಲ್ಲೇ ಪಾರ್ಕಿನ್ಸನ್ ಲಕ್ಷಣವಿದ್ದ ಕೋತಿಗಳಲ್ಲಿ ಹಾಗೆಯೇ ಆಯಿತು. ಇವತ್ತು ಕೆಲವು ರೋಗಿಗಳ ಮೆದುಳಿಗೆ ಸಣ್ಣ ತಂತಿ ಇಳಿಸಿ ವಿದ್ಯುತ್ ಕೊಡುವ ಚಿಕಿತ್ಸೆ ಇದೆಯಲ್ಲ, ಹೆಚ್ಚಾಗಿ ಅದು ಮುಟ್ಟುವುದು ಇದೇ ಪುಟ್ಟ ಗಂಟನ್ನು.

ಇಲ್ಲಿಗೆ ಬಹಳಷ್ಟು ಪುಸ್ತಕಗಳು ಪಾಠ ಮುಗಿಸುತ್ತವೆ. ಡಿ1 ಅಂದರೆ "ಹೋಗು", ಡಿ2 ಅಂದರೆ "ನಿಲ್ಲು". ಪರೀಕ್ಷೆಗೆ ಇದು ಸಾಕು. ಮನೆಯಲ್ಲಿ ರೋಗಿಯನ್ನು ಅರ್ಥಮಾಡಿಕೊಳ್ಳಲು ಸಾಲದು.

2010ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಬೆಳಕು ಬಿದ್ದಾಗ ಕೆರಳುವಂತೆ ಕೋಶಗಳನ್ನು ಮಾರ್ಪಡಿಸಿ, ಸಪೂರ ನೂಲಿನಂಥ ಗಾಜಿನ ತಂತಿಯಿಂದ ಮೆದುಳಿನೊಳಗೆ ಬೆಳಕು ಬಿಟ್ಟರು. ಡಿ2 ಕೋಶಗಳನ್ನು ಕೆರಳಿಸಿದಾಗ ಆರೋಗ್ಯವಂತ ಇಲಿ ನಿಂತಲ್ಲೇ ನಿಂತಿತು, ನಡೆಯುವುದು ಕಡಿಮೆಯಾಯಿತು. ಡಿ1 ಕೋಶಗಳನ್ನು ಕೆರಳಿಸಿದಾಗ ಓಡಾಟ ಹೆಚ್ಚಾಯಿತು. ಡೋಪಮಿನ್ ಕಳೆದುಕೊಂಡ ಇಲಿಗಳಲ್ಲೂ ಡಿ1 ದಾರಿಯನ್ನು ಎಬ್ಬಿಸಿದರೆ ನಡಿಗೆ ಮರಳಿತು. ಹಳೆಯ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ ಎಂದು ಎಲ್ಲರಿಗೂ ಅನಿಸಿತು.

ಆದರೆ ಹೊರಗಿನಿಂದ ಕೆರಳಿಸುವುದು ಬೇರೆ, ಪ್ರಾಣಿ ತಾನಾಗಿ ಓಡಾಡುವಾಗ ಕೋಶಗಳು ಏನು ಮಾಡುತ್ತವೆ ಎಂದು ನೋಡುವುದು ಬೇರೆ. 2013ರಲ್ಲಿ ಮತ್ತೊಂದು ತಂಡ ಅದನ್ನು ನೋಡಿತು. ಇಲಿ ಒಂದು ಚಲನೆ ಶುರು ಮಾಡುವಾಗ ಡಿ1 ಕೋಶಗಳೂ ಡಿ2 ಕೋಶಗಳೂ ಒಟ್ಟಿಗೇ ಚುರುಕಾಗುತ್ತಿದ್ದವು! ಬರೀ "ನಿಲ್ಲು" ಎನ್ನುವ ಕೋಶವಾಗಿದ್ದರೆ ಚಲನೆ ಶುರುವಾಗುವ ಹೊತ್ತಿಗೆ ಅದು ಸುಮ್ಮನಿರಬೇಕಿತ್ತು, ಅಲ್ವಾ? ಇದನ್ನು ಅರ್ಥಮಾಡಿಕೊಳ್ಳಲು ನನಗೆ ಒಪ್ಪಿಗೆಯಾಗುವ ದಾರಿ ಹೀಗಿದೆ. ಮದ್ದಳೆಯ ಮೇಲೆ ಒಂದು ಬೆರಳು ಬೀಳಬೇಕಾದರೆ ಉಳಿದ ಬೆರಳುಗಳು ಸುಮ್ಮನಿರಬೇಕು, ಭುಜ ಹದವಾಗಿ ನಿಲ್ಲಬೇಕು, ಬೆನ್ನು ಜಾರಬಾರದು. ಬೇಕಾದ ಚಲನೆಯ ಡಿ1 ಕೋಶಗಳು ಅದೊಂದರ ತಡೆ ಎತ್ತುತ್ತವೆ. ಅದೇ ಹೊತ್ತಿಗೆ ಬೇಡದ ನೂರು ಚಲನೆಗಳ ತಡೆಯನ್ನು ಡಿ2 ಕೋಶಗಳು ಭದ್ರ ಮಾಡುತ್ತವೆ. ಎಲ್ಲ ಕಿಂಡಿಗಳನ್ನೂ ಒಟ್ಟಿಗೆ ತೆರೆದರೆ ಗದ್ದೆಗೆ ನೀರು ಕಟ್ಟುವುದಕ್ಕೆ ಆಗುವುದಿಲ್ಲ.

ಡಿ2 ಕೋಶಗಳು ಕೈಬಿಟ್ಟರೆ ಏನಾಗುತ್ತದೆ ಎಂದು ತೋರಿಸುವ ಕಾಯಿಲೆಯೂ ಇದೆ. ಹಂಟಿಂಗ್ಟನ್ ಕಾಯಿಲೆಯಲ್ಲಿ ಮೊದಲು ಹಾಳಾಗುವುದು ಇವೇ. ಆ ರೋಗಿಗಳ ಕೈಕಾಲು, ಮುಖ ಅವರಿಗೆ ಬೇಡವಾದರೂ ಕುಣಿಯುತ್ತಲೇ ಇರುತ್ತವೆ. ಹಾಗಾಗಿ ಡಿ2 ಕೋಶಗಳನ್ನು ಖಳನಾಯಕರ ಹಾಗೆ ನೋಡುವುದು ನನಗೆ ಸರಿ ಕಾಣುವುದಿಲ್ಲ. ನೆಟ್ಟಗೆ ಒಂದು ಲೋಟ ಚಹಾ ಎತ್ತಲು ಎರಡೂ ಬಗೆಯ ಕೋಶಗಳು ಬೇಕು. ಡೋಪಮಿನ್ ಮಾಡುವುದು ಅವುಗಳ ಮಧ್ಯದ ಸಮತೋಲ ಕಾಯುವ ಕೆಲಸ.

2018ರಲ್ಲಿ ಬಂದ ಇನ್ನೊಂದು ಅಧ್ಯಯನ ನಿಮ್ಮ ತಂದೆಯ ಮಾತ್ರೆಗೆ ನೇರ ಸಂಬಂಧಪಟ್ಟದ್ದು. ಆರೋಗ್ಯವಂತ ಇಲಿ ಓಡಾಡುವಾಗ ಅಕ್ಕಪಕ್ಕದ ಮುಳ್ಳುಕೋಶಗಳು ಗುಂಪುಗುಂಪಾಗಿ ಒಟ್ಟಿಗೆ ಮಿನುಗುತ್ತವೆ. ಡೋಪಮಿನ್ ಕಳೆದಾಗ ಡಿ1 ಕೋಶಗಳು ಮಂಕಾದವು. ಡಿ2 ಕೋಶಗಳು ಅತಿಯಾದವು, ಅಷ್ಟೇ ಅಲ್ಲ, ಅವುಗಳ ಗುಂಪು ಚದುರಿಹೋಯಿತು. ಮೈಯೊಳಗೆ ಹೋಗಿ ಡೋಪಮಿನ್ ಆಗುವ ಲೆವೊಡೋಪಾ ಎಂಬ ಔಷಧಿ ಜಾಸ್ತಿಯಾಗಿ ಮೈ ತಾನಾಗಿ ತೊನೆದಾಡುವ ಸ್ಥಿತಿಯಲ್ಲಿ ಇದಕ್ಕೆ ತಿರುಗಾಮುರುಗಾ ಆಯಿತು: ಡಿ1 ಅತಿ, ಅವುಗಳ ಗುಂಪು ಚೆಲ್ಲಾಪಿಲ್ಲಿ. ವರ್ಷಗಳು ಕಳೆದಂತೆ ಕೆಲವು ರೋಗಿಗಳಲ್ಲಿ ಮಾತ್ರೆ ತೆಗೆದುಕೊಂಡ ಒಂದು ಗಂಟೆಗೆ ಭುಜ, ಕುತ್ತಿಗೆ ತೂಗಾಡಲು ಶುರುವಾಗುತ್ತದೆ. ಅದಕ್ಕೆ ಹೆದರಿ ಮಾತ್ರೆಯನ್ನೇ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲೆವೊಡೋಪಾವನ್ನು ಇದ್ದಕ್ಕಿದ್ದ ಹಾಗೆ ಬಿಟ್ಟರೆ ಜೀವಕ್ಕೇ ಅಪಾಯ ಆಗಬಹುದು. ಡೋಸ್ ಬದಲಾಯಿಸುವುದು ಡಾಕ್ಟರರ ಕೆಲಸ.

ಇನ್ನು ಖುಷಿಯ ವಿಷಯ. ಡೋಪಮಿನ್ ಮತ್ತು ಖುಷಿಗೆ ಸಂಬಂಧ ಇಲ್ಲ ಎಂದೇನಲ್ಲ, ಆದರೆ "ಖುಷಿಯ ರಾಸಾಯನಿಕ" ಎನ್ನುವುದು ತುಂಬ ಸರಳ ಮಾಡಿದ ಮಾತು. ಒಂದು ಕೆಲಸಕ್ಕೆ ಎಷ್ಟು ಶ್ರಮ ಹಾಕಿದರೆ ಲಾಭ ಎಂಬ ಲೆಕ್ಕದಲ್ಲಿ ಡೋಪಮಿನ್ ಇರುತ್ತದೆ. 2007ರಲ್ಲಿ ನ್ಯೂಯಾರ್ಕಿನಲ್ಲಿ ಪಾರ್ಕಿನ್ಸನ್ ಇರುವವರಿಗೆ ಒಂದು ಗುರಿ ಕೊಟ್ಟು, ಇಷ್ಟು ವೇಗದಲ್ಲಿ ಕೈ ಚಾಚಿ ಮುಟ್ಟಿ ಎಂದು ಹೇಳಿದರು. ಅವರು ಮುಟ್ಟಿದರು. ಆರೋಗ್ಯವಂತರಷ್ಟೇ ವೇಗವಾಗಿ, ಅಷ್ಟೇ ನಿಖರವಾಗಿ. ಆದರೆ ಆ ವೇಗ ಬರಲು ಅವರಿಗೆ ಹೆಚ್ಚು ಪ್ರಯತ್ನಗಳು ಬೇಕಾದವು. ಅಂದರೆ ಸಾಮರ್ಥ್ಯ ಅಲ್ಲೇ ಇದೆ. ಅದನ್ನು ದಿನನಿತ್ಯದ ಕೆಲಸಕ್ಕೆ ತಾನಾಗಿ ಬಿಡುಗಡೆ ಮಾಡುವ ವ್ಯವಸ್ಥೆ ಜಿಪುಣವಾಗಿದೆ. ಮನೆಗೆ ಬಂದವರು "ಮನಸ್ಸು ಮಾಡಿದರೆ ಆಗುತ್ತದೆ" ಎಂದಾಗ ಅವರಿಗೆ ಇದನ್ನು ಹೇಳಿ. ನಮಗೆ ಎದ್ದು ನೀರು ಕುಡಿಯಲು ಮನಸ್ಸು ಮಾಡಬೇಕಾಗಿಲ್ಲ. ಅವರಿಗೆ ಪ್ರತಿ ಹೆಜ್ಜೆಗೂ ಮನಸ್ಸು ಮಾಡಬೇಕು. ದಿನವಿಡೀ ಹಾಗೆ ಮಾಡಿದರೆ ಯಾರಾದರೂ ಸುಸ್ತಾಗುತ್ತಾರೆ.

ಶುರು ಮಾಡುವುದೇ ಏಕೆ ಕಷ್ಟ ಎಂಬುದಕ್ಕೂ ಇಲಿಗಳಿಂದ ಸುಳಿವು ಸಿಕ್ಕಿದೆ. ಇಲಿ ಹೊರಡುವುದಕ್ಕೆ ಒಂದು ಕ್ಷಣ ಮುಂಚೆ ಡೋಪಮಿನ್ ಕೋಶಗಳು ಜೋರಾಗಿ ಮಿಡಿಯುತ್ತವೆ. ಆ ಕ್ಷಣದಲ್ಲಿ ಅವನ್ನು ತಡೆದರೆ ಇಲಿ ಹೊರಡುವುದು ಕಡಿಮೆಯಾಗುತ್ತದೆ. ಹೊರಟ ಮೇಲೆ ತಡೆದರೆ ಓಟ ನಿಲ್ಲುವುದಿಲ್ಲ.

ಹಾಗಾದರೆ ಚೆಂಡೆಗೆ ಹೆಜ್ಜೆ ಹೇಗೆ ಬರುತ್ತದೆ? ನಾವು ತಾನಾಗಿ, ಒಳಗಿನ ಲೆಕ್ಕದಿಂದ ನಡೆಯುವಾಗ ಸ್ಟ್ರಯಾಟಮ್ ದಾರಿಯ ಮೇಲೆ ಜಾಸ್ತಿ ಭಾರ ಬೀಳುತ್ತದೆ. ಹೊರಗಿನ ತಾಳಕ್ಕೆ, ಗೆರೆಗೆ, ಮೆಟ್ಟಿಲಿನ ಅಂಚಿಗೆ ಹೆಜ್ಜೆ ಹೊಂದಿಸುವಾಗ ಕಣ್ಣು, ಕಿವಿಯ ಭಾಗಗಳು ಮತ್ತು ಚಿಕ್ಕಮೆದುಳು ಹೆಚ್ಚು ಕೈಹಾಕುತ್ತವೆ. ಅಷ್ಟರ ಮಟ್ಟಿಗೆ ಹಾಳಾದ ದಾರಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ಹೊಸ್ತಿಲಲ್ಲಿ ಇದರ ತದ್ವಿರುದ್ಧ. ಇಕ್ಕಟ್ಟು ಜಾಗ, ಹೆಜ್ಜೆ ಬದಲಾಯಿಸಬೇಕು, ತಿರುಗಬೇಕು, ಒಳಗಿಂದ ಯಾರೋ ಕರೆಯುತ್ತಿದ್ದಾರೆ. ಒಂದೇ ಹೊತ್ತಿಗೆ ಹಲವು ಬೇಡಿಕೆ ಬಂದಾಗ ಸೋತ ಸ್ಟ್ರಯಾಟಮ್ ಯಾವುದನ್ನೂ ಆರಿಸುವುದಿಲ್ಲ. ಕಾಲು ನಿಲ್ಲುತ್ತದೆ.

ನಿಮ್ಮ ತಂದೆಗೆ ತಾಳ ಹೊಸದಲ್ಲ. ಅದನ್ನು ಬಳಸಿಕೊಳ್ಳಿ. ಅವರಿಗೆ ಗೊತ್ತಿರುವ ಏಕತಾಳವನ್ನು, ಅವರ ನಡಿಗೆಗೆ ಹೊಂದುವ ನಿಧಾನದಲ್ಲಿ, ಬಾಯಲ್ಲೇ ಹೇಳಿಕೊಳ್ಳಲಿ. ಹೊಸ್ತಿಲ ಆಚೆ ಈಚೆ, ಒಂದೊಂದು ಹೆಜ್ಜೆಯ ಅಂತರದಲ್ಲಿ, ನೆಲಕ್ಕೆ ಬಣ್ಣದ ಟೇಪ್ ಅಡ್ಡಲಾಗಿ ಅಂಟಿಸಿ. ಗೆರೆ ದಾಟಿ ಕಾಲಿಡುವುದು ಎಷ್ಟೋ ಜನರಿಗೆ ಸುಲಭವಾಗುತ್ತದೆ. ಕಾಲು ನಿಂತಾಗ ಕೈ ಹಿಡಿದು ಎಳೆಯಬೇಡಿ, ಮುಗ್ಗರಿಸಿ ಬೀಳುತ್ತಾರೆ. ನಿಂತುಬಿಡಲಿ. ಉಸಿರು ತೆಗೆದುಕೊಂಡು, ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಮೆಲ್ಲ ತೂಗಿ, ಆಮೇಲೆ ದೊಡ್ಡ ಹೆಜ್ಜೆ ಇಡಲಿ. ಆ ಹೊತ್ತಿಗೆ ಮಾತಾಡಿಸಬೇಡಿ. ಹಳೆಯ ಮನೆಗಳ ಎತ್ತರದ ಹೊಸ್ತಿಲಿದ್ದರೆ ಪಕ್ಕದಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ.

ಮೇಲೆ ಹೇಳಿದ ಡಿ2 ವಿಷಯದಿಂದ ಒಂದು ಎಚ್ಚರಿಕೆಯ ಮಾತು ಬರುತ್ತದೆ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ವಾಂತಿ, ತಲೆಸುತ್ತಿಗೆ ಎಂದು ಮೆಡಿಕಲ್ ಶಾಪ್‌ನಲ್ಲಿ ಸಿಗುವ ಕೆಲವು ಮಾತ್ರೆಗಳು ಡಿ2 ರಿಸೆಪ್ಟರನ್ನೇ ಮುಚ್ಚುತ್ತವೆ. ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಆ ಸಾಲಿನವು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲೂನರಿಜಿನ್ ಕೂಡ ಹೀಗೆ ಮಾಡಬಲ್ಲವು. ಡೋಪಮಿನ್ ಇದ್ದರೂ ಡಿ2 ಕೋಶಕ್ಕೆ ಅದು ಕೇಳಿಸುವುದಿಲ್ಲ, ತಡೆ ಬಿಗಿಯಾಗುತ್ತದೆ. ಪಾರ್ಕಿನ್ಸನ್ ಇಲ್ಲದ ವಯಸ್ಸಾದವರಲ್ಲೂ ಇವು ನಡುಕ, ಬಿಗಿತ ತರಬಲ್ಲವು. ಪಾರ್ಕಿನ್ಸನ್ ಇರುವವರಿಗೆ ಇವುಗಳಿಂದ ಕಾಯಿಲೆ ಜೋರಾಗಬಹುದು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಪಾರ್ಕಿನ್ಸನ್ ಇದೆ ಎಂದು ಹೇಳಿ.

ಕೊನೆಗೆ ನಸುಗುನ್ನಿ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನಾನು ತಯಾರಿಲ್ಲ. ಮುಟ್ಟಿದರೆ ಮೈಯೆಲ್ಲ ತುರಿಸುವ ಆ ಕಾಯಿಯ ಬೀಜದಲ್ಲಿ ನಿಜವಾದ ಲೆವೊಡೋಪಾ ಇದೆ. 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೀಜದಿಂದ ಬೇರ್ಪಡಿಸಿ ತೋರಿಸಿದರು. ಆಗ ಅದಕ್ಕೂ ಪಾರ್ಕಿನ್ಸನ್‌ಗೂ ಇರುವ ನಂಟು ಯಾರಿಗೂ ಹೊಳೆದಿರಲಿಲ್ಲ. ನಂಟು ಸಿಕ್ಕಿದ್ದು 20 ವರ್ಷದ ಮೇಲೆ, ಸ್ವೀಡನ್‌ನಲ್ಲಿ. ಅದರಲ್ಲೂ ನಮ್ಮ ನೆಲದ ಇನ್ನೊಂದು ಗಿಡದ ಪಾಲಿದೆ. ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಕೊಟ್ಟು ಅರ್ವಿದ್ ಕಾರ್ಲ್‌ಸನ್ ಮೊಲಗಳನ್ನು ಅಲುಗಾಡದ ಹಾಗೆ ಮಾಡಿದರು. ರೆಸರ್ಪಿನ್ ಮೆದುಳಿನ ಡೋಪಮಿನ್ ಬರಿದು ಮಾಡುತ್ತದೆ. ಆಮೇಲೆ ಲೆವೊಡೋಪಾ ಚುಚ್ಚಿದಾಗ ಮೊಲಗಳು ಎದ್ದು ಓಡಾಡಿದವು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ನಿಮ್ಮ ತಂದೆ ತೆಗೆದುಕೊಳ್ಳುವ ಮಾತ್ರೆ ಬಹುಶಃ ಅದೇ ಲೆವೊಡೋಪಾ, ಜೊತೆಗೆ ಕಾರ್ಬಿಡೋಪಾ.

ಆ ಜೊತೆಗಾರನಲ್ಲೇ ವಿಷಯ ಇರುವುದು. ಕಾರ್ಬಿಡೋಪಾ ಇಲ್ಲದಿದ್ದರೆ ಲೆವೊಡೋಪಾದ ದೊಡ್ಡ ಪಾಲು ಮೆದುಳು ಮುಟ್ಟುವ ಮೊದಲೇ ಮೈಯಲ್ಲಿ ಡೋಪಮಿನ್ ಆಗಿಬಿಡುತ್ತದೆ. ವಾಕರಿಕೆ ಬರುತ್ತದೆ, ಎದ್ದು ನಿಂತಾಗ ಬಿಪಿ ಇಳಿಯುತ್ತದೆ. ಪುಡಿಯಲ್ಲಿ ಎಷ್ಟು ಲೆವೊಡೋಪಾ ಇದೆ ಎಂಬುದು ಬೀಜದಿಂದ ಬೀಜಕ್ಕೆ, ಡಬ್ಬಿಯಿಂದ ಡಬ್ಬಿಗೆ ಬೇರೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರಿಗೆ ಮೇಲಿಂದ ಅದನ್ನೂ ಕೊಟ್ಟರೆ ಎರಡು ಕಡೆಯ ಡೋಸ್ ಸೇರಿ, ಮೊದಲೇ ಹೇಳಿದ ತೂಗಾಟ ಶುರುವಾಗಬಹುದು. ಹಾಗಾಗಿ ನೀವಾಗಿಯೇ ಕೊಡಬೇಡಿ. ಈಗಾಗಲೇ ಕೊಡುತ್ತಿದ್ದರೆ ಬೈಗುಳಕ್ಕೆ ಹೆದರದೆ ಡಾಕ್ಟರರಿಗೆ ಹೇಳಿ.

ಅದಕ್ಕಿಂತ ಮೊದಲು ಇನ್ನೊಂದು ನೋಡಿ. ಲೆವೊಡೋಪಾ ಕರುಳಿನಿಂದ ರಕ್ತಕ್ಕೂ ರಕ್ತದಿಂದ ಮೆದುಳಿಗೂ ಹೋಗುವ ಬಾಗಿಲಲ್ಲೇ ಮೀನು, ಮೊಟ್ಟೆ, ಬೇಳೆಯ ಪ್ರೋಟೀನಿನ ಅಂಶಗಳೂ ಹೋಗುತ್ತವೆ. ಮೀನು ಊಟದ ಜೊತೆಗೇ ಮಾತ್ರೆ ನುಂಗಿದರೆ ಕೆಲವರಿಗೆ ಅದು ಸರಿಯಾಗಿ ಹಿಡಿಯುವುದಿಲ್ಲ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬಹುದಾ ಎಂದು ಡಾಕ್ಟರರನ್ನು ಕೇಳಿ. ಒಂದು ವಾರ ಪುಸ್ತಕದಲ್ಲಿ ಬರೆದಿಡಿ: ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟು ಗಂಟೆಗೆ, ಕಾಲು ನಿಂತದ್ದು ಎಷ್ಟು ಗಂಟೆಗೆ, ಮೈ ತೂಗಿದ್ದು ಇದ್ದರೆ ಯಾವಾಗ. ಮಾತ್ರೆಯ ಪ್ರಭಾವ ಇಳಿದ ಹೊತ್ತಲ್ಲಿ ಮಾತ್ರ ಕಾಲು ನಿಲ್ಲುತ್ತಿದ್ದರೆ ಡೋಸ್‌ನ ಸಮಯ ಬದಲಾಯಿಸಿ ಸರಿಮಾಡುವ ಅವಕಾಶ ಇದೆ. ಪ್ರಭಾವ ಚೆನ್ನಾಗಿರುವಾಗಲೂ ನಿಲ್ಲುತ್ತಿದ್ದರೆ ದಾರಿ ಬೇರೆ, ಫಿಸಿಯೋಥೆರಪಿಗೆ ಹೆಚ್ಚು ಗಮನ ಕೊಡಬೇಕಾಗುತ್ತದೆ. ಆ ಪುಸ್ತಕ, ಮತ್ತು ಹೊಸ್ತಿಲು, ಮೆಟ್ಟಿಲು ಎರಡರಲ್ಲೂ ನಡೆಯುವ ಸಣ್ಣ ವಿಡಿಯೋ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಿ.